ದೋಷಯುಕ್ತ ವೈರಸ್ ಕಣಗಳು (ಜಾನುವಾರು ರೋಗಗಳಲ್ಲಿ)

ವಂಶವಾಹಿಯ ಒಂದು ಭಾಗ ಕಳೆದುಕೊಂಡು, ಅದೇ ಜಾತಿಯ ಪೂರ್ಣ ವೈರಸ್ಸಿನ ಆಸರೆಯಲ್ಲಿ ಬೆಳೆಯುವ ಕಣಗಳಿವು. ಇವು ಹಲವು ಬಾರಿ ಆಸರೆ ಕೊಟ್ಟ ವೈರಸ್ಸನ್ನೇ ಕುಗ್ಗಿಸುತ್ತವೆ.

ಜಾನುವಾರುಗಳಲ್ಲಿ ಇವುಗಳ ಅಧ್ಯಯನ ಬೆಳೆದದ್ದು ಅಮೆರಿಕ ಖಂಡದ ವೆಸಿಕ್ಯುಲರ್ ಸ್ಟೊಮಟೈಟಿಸ್ ರೋಗದ ವೈರಸ್ಸಿನಿಂದ. ದನಗಳಲ್ಲಿ ಇದರ ಲಕ್ಷಣಗಳು ಕಾಲುಬಾಯಿ ರೋಗವನ್ನೇ ಹೋಲುತ್ತವೆ. ಗುಂಡಿನಾಕಾರದ ಪೂರ್ಣ ಕಣಗಳ ಜೊತೆ ಮೊಟಕಾದವೂ ಹುಟ್ಟುತ್ತಿದ್ದವು. ಆರ್‌ಎನ್‌ಎ ನಕಲಿಸುವ ಕಿಣ್ವ ನಡುವೆಯೇ ಎಳೆ ಬಿಟ್ಟು ಬೇರೆಡೆ ಹಿಡಿಯುವುದೇ ಇದಕ್ಕೆ ಕಾರಣ. ಗಿಡ್ಡ ಎಳೆ ಬೇಗ ನಕಲಾಗಿ ಪೂರ್ಣ ಎಳೆಯ ಪಾಲನ್ನೂ ಕಬಳಿಸುತ್ತದೆ. ಆಲಿಸ್ ಹುವಾಂಗ್ ಮತ್ತು ಡೇವಿಡ್ ಬಾಲ್ಟಿಮೋರ್ 1970ರಲ್ಲಿ ಇವನ್ನು 'ದೋಷಯುಕ್ತ ಅಡ್ಡಿಕಾರಕ ಕಣ'ಗಳೆಂದು ಕರೆದರು.

ಅಡ್ಡಿಕಾರಕ ಎಂದೊಡನೆ ಉಪಕಾರಿ ಎಂದು ಭಾವಿಸುವುದು ಸಲ್ಲದು. ಬೊವೈನ್ ವೈರಲ್ ಡಯೇರಿಯಾ (ಬಿವಿಡಿ) ಇದಕ್ಕೆ ಪ್ರಬಲ ಸಾಕ್ಷಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಜೀವಕೋಶ ಕೊಲ್ಲದ ಬಗೆಯ ವೈರಸ್ ತಗುಲಿದ ಭ್ರೂಣ ಅದನ್ನು ತನ್ನದೆಂದೇ ಒಪ್ಪಿಕೊಳ್ಳುತ್ತದೆ. ಹುಟ್ಟಿದ ಕರು ಜೀವನವಿಡೀ ವೈರಸ್ ಹರಡುತ್ತದೆ. ಮುಂದೆ ಅದೇ ವೈರಸ್ ಕೋಶನಾಶಕವಾಗಿ ಮಾರ್ಪಟ್ಟರೆ 'ಮ್ಯೂಕೋಸಲ್ ಡಿಸೀಸ್' ಬಂದು ಕರು ಸಾಯುತ್ತದೆ. 1989ರಲ್ಲಿ ಗ್ರೆಗರ್ ಮೆಯರ್ಸ್ ಮತ್ತು ಸಂಗಡಿಗರು ಇಂಥ ವೈರಸ್ಸಿನೊಳಗೆ ದನದ್ದೇ ಯುಬಿಕ್ವಿಟಿನ್ ವಂಶವಾಹಿ ತುಣುಕನ್ನು ಕಂಡರು. 1994ರಲ್ಲಿ ಟಾಟ್ಜ್ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದರು: ಸುಮಾರು 12,300 ಅಕ್ಷರಗಳ ಆರ್‌ಎನ್‌ಎಯಲ್ಲಿ ಮೂರನೇ ಒಂದು ಭಾಗ ಕಳೆದುಹೋಗಿ, ಕವಚದ ವಂಶವಾಹಿಗಳೇ ಇಲ್ಲದ ಕಣ. ಈ ಅಳಿವಿನಿಂದ ಎನ್‌ಎಸ್3 ಪ್ರೋಟೀನು ಬಿಡಿಯಾಗಿ ತಯಾರಾಗುತ್ತದೆ, ಅದೇ ಕೋಶನಾಶಕ ಬಗೆಯ ಗುರುತು. ಕವಚವನ್ನು ಪೂರ್ಣ ವೈರಸ್ ಒದಗಿಸುತ್ತದೆ. ಆರ್‌ಎನ್‌ಎ ನಕಲಾಗಲು ಮಾತ್ರ ಆ ಆಸರೆ ಬೇಕಿಲ್ಲವೆಂದು 1998ರಲ್ಲಿ ಖಚಿತವಾಯಿತು.

ಕಾಲುಬಾಯಿ ರೋಗದ ವೈರಸ್ಸನ್ನು ಮ್ಯಾಡ್ರಿಡ್‌ನಲ್ಲಿ ಎಸ್ತೆಬಾನ್ ಡೊಮಿಂಗೊ ತಂಡ 260 ಬಾರಿ ಕೋಶದಿಂದ ಕೋಶಕ್ಕೆ ದಾಟಿಸಿದಾಗ, ಪರಸ್ಪರ ಕೊರತೆ ತುಂಬುವ ದೋಷಯುಕ್ತ ಎಳೆಗಳು ಪೂರ್ಣ ವೈರಸ್ಸಿಲ್ಲದೆಯೇ ಸೋಂಕು ಉಂಟುಮಾಡಿದವು (2004). ಅದು ಪ್ರಯೋಗಾಲಯದ ಸಂಗತಿ, ಕೊಟ್ಟಿಗೆಯದಲ್ಲ.

ಭಾರತದ ದನಗಳಲ್ಲಿ ಬಿವಿಡಿ ವೈರಸ್ಸಿನ ತಳಿ ಗುರುತಿಸಿದ್ದು ಭೋಪಾಲದ ಪ್ರಯೋಗಾಲಯ. ಉತ್ತರ ಕನ್ನಡದ ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡದ ಕಡೆ ಗೌಳಿವಾಡಗಳ (ಗೌಳಿ ಪಶುಪಾಲಕರ ವಸತಿಗಳ) ಎಮ್ಮೆಗಳು ಕಾಡಂಚಿನಲ್ಲಿ ಒಟ್ಟಾಗಿ ಮೇಯುತ್ತವೆ. ಕಾಲುಬಾಯಿ ರೋಗಕ್ಕೆ 2019ರಿಂದ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮವಿದೆ, ಬಿವಿಡಿಗಿಲ್ಲ. ಹೀಗೆ ಒಟ್ಟಾಗಿ ಮೇಯುವ ಹಿಂಡಿನಲ್ಲಿ ಬಿವಿಡಿ ವೈರಸ್ ಹೊತ್ತ ಕರುವನ್ನು ಪ್ರತಿಕಾಯ ನೋಡುವ ರಕ್ತಪರೀಕ್ಷೆ ಸಾಮಾನ್ಯವಾಗಿ ಹಿಡಿಯಲಾರದು. ಆ ವೈರಸ್ಸಿಗೆ ಕರುವಿನ ದೇಹ ಪ್ರತಿಕಾಯವನ್ನೇ ತಯಾರಿಸಿರುವುದಿಲ್ಲ. ನೇರವಾಗಿ ವೈರಸ್ಸಿನ ಆರ್‌ಎನ್‌ಎಯನ್ನೋ ಪ್ರೋಟೀನನ್ನೋ ಹುಡುಕಬೇಕಾಗುತ್ತದೆ.