ಚಕ್ರದ ಮನೆಯ ಬಿರುಕು

ಕಳುದ ವರ್ಷ ಮಾರ್ಚಿಲಿ ಒಂದು ದಿನ ಹೊತ್ತೋಪಗ ಕೆನಡಾದ ಕ್ಯಾಲ್ಗರಿಂದ ಮಗನ ಫೋನು ಬಂತು. "ಅಮ್ಮಾ, ಒಂದು ಮನೆ ತೆಕ್ಕೊಂಡೆ" ಹೇಳಿದ. ಎನಗೆ ಕೊಶಿಯೂ ಆತು, ಒಟ್ಟಿಂಗೆ ಸಾಲ ಎಷ್ಟಿಕ್ಕೋ ಹೇಳಿ ಹೆದರಿಕೆಯೂ ಆತು. "ಎಷ್ಟು ಕೋಣೆ?" ಕೇಳಿದೆ. ಅವ ನೆಗೆ ಮಾಡಿಗೊಂಡು ಫೋನಿನ ತಿರುಗಿಸಿ ತೋರ್ಸಿದ. ನೋಡಿರೆ, ಕಾರಿನ ಹಿಂದಂಗೆ ಕಟ್ಟಿ ಎಳವ ಒಂದು ಬೆಳಿ ಗೂಡು! ಮೊಟ್ಟೆಯ ಹಾಂಗೆ ಉರುಟು, ಎರಡೇ ಚಕ್ರ. ಒಳ ಒಂದು ಹಾಸಿಗೆ, ಸಣ್ಣ ಗ್ಯಾಸಿನ ಒಲೆ, ಪಾತ್ರೆ ತೊಳವ ತೊಟ್ಟಿ. ಇದಕ್ಕೆ ಅಲ್ಲಿ ಟ್ರೈಲರ್ ಹೇಳ್ತವಡ. ರಜೆ ಸಿಕ್ಕಿದರೆ ಇದರ ಎಳಕ್ಕೊಂಡು ಗುಡ್ಡೆ, ಕಾಡು ನೋಡ್ಲೆ ಹೋಪದು, ಇರುಳು ಅಲ್ಲೇ ಉಂಡು ಒರಗುದು. ಹೊಸತ್ತಲ್ಲ, 40 ವರ್ಷ ದಾಂಟಿದ್ದು.

"ಈ ಬೇಸಗೆಲಿ ನೀನೂ ಅಪ್ಪನೂ ಬನ್ನಿ. ಬ್ಯಾನ್ಫಿಂಗೆ ಹೋಪೊ. ಪುಳ್ಳಿಯೂ ಅಜ್ಜಿಯೂ ಇದರ ಒಳ ಒರಗುಲಕ್ಕು" ಹೇಳಿದ. ಎನಗೆ ಆ ದಿನವೇ ಪೆಟ್ಟಿಗೆ ಕಟ್ಟುವ ಅಂದಾಜಾತು.

ಒಂದು ವಾರ ಕಳುದು ಪುನಾ ಫೋನು. ಸ್ವರ ಸಣ್ಣ ಆಗಿತ್ತು. ಟ್ರೈಲರಿನ ತೊಳವಗ ಬಾಗಿಲಿನ ಕೆಳಾಣ ಮೂಲೆಲಿ ಬಣ್ಣ ಎದ್ದು ಬಂತಡ. ಉಗುರಿಲಿ ಕೆರದರೆ ಒಳಂದ ಲಪ್ಪದ ಹಾಂಗಿಪ್ಪದು ಉದುರಿತ್ತು. ಅದರ ಅಡಿಲಿ ಒಂದು ಗೇಣು ಉದ್ದದ ಬಿರುಕು, ಓರೆಗೆ ಹೋಯಿದು. ಮಾರಿದವು ಅದರ ಮುಚ್ಚಿ, ಮೇಲಂದ ಬಣ್ಣ ಬಳುಗಿ ಕೊಟ್ಟಿದವು.

ಆ ಬಿರುಕಿನ ವಿಡಿಯೋಲಿ ನೋಡಿದ ಕೂಡ್ಲೆ ಎನಗೆ ಎಂಗಳ ನಾರಾವಿ ಮನೆಯ ಅಡಿಗೆಕೋಣೆ ನೆಂಪಾತು. ಅಲ್ಲಿಯೂ ಕಿಟಕಿಯ ಕೆಳಾಣ ಮೂಲೆಂದ ಹೀಂಗೇ ಓರೆಗೆ ಒಂದು ಬಿರುಕು ಇದ್ದು. ವರ್ಷ ವರ್ಷವೂ ಆಟಿ ಕಳುದಪ್ಪಗ ಆನು ಸಿಮೆಂಟು ಮೆತ್ತುದು, ಬಣ್ಣ ಬಳುಗುದು. ಮತ್ತಾಣ ಮಳೆಗಾಲಲ್ಲಿ ಅದು ಅಲ್ಲೇ ಬಾಯಿ ಬಿಡುದು. ನಿಂಗಳ ಮನೆಲಿಯೂ ಎಲ್ಲಿಯಾದರೂ ಒಂದು ಹೀಂಗಿಪ್ಪದು ಇಕ್ಕು. ಗೋಡೆಯ ನೆಡುಕೆ ಬಿರಿವದು ಕಮ್ಮಿ, ಕಿಟಕಿ ಬಾಗಿಲಿನ ಮೂಲೆಂದಲೇ ಸುರು ಅಪ್ಪದು. ಎಂತಕೆ ಹೇಳಿರೆ, ಗೋಡೆಲಿ ಕಿಂಡಿ ತೆಗದಪ್ಪಗ, ಅಲ್ಲಿ ಹೊರೆಕ್ಕಾದ ಭಾರ ಕರೆಂಗೆ ಜಾರಿ ಮೂಲೆಲಿ ಬಂದು ಸೇರುತ್ತು.

ಈ ಮೂಲೆಯ ಸಂಗತಿ ಗೊಂತಾಯೆಕ್ಕಾದರೆ ದೊಡ್ಡವಕ್ಕೂ ಜೀವ ಕೊಡೆಕ್ಕಾಗಿ ಬಂತು. 1954ರ ಜನವರಿಲಿ ಒಂದು, ಎಪ್ರಿಲಿಲಿ ಒಂದು, ಬ್ರಿಟಿಷರ ಕಾಮೆಟ್ ಹೇಳ್ತ ಜೆಟ್ ವಿಮಾನಂಗೊ ಆಕಾಶಲ್ಲಿಯೇ ಒಡದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದತ್ತು. ಇಂಗ್ಲೆಂಡಿನ ಫಾರ್ನ್‌ಬರೋಲಿ ಅದೇ ಜಾತಿಯ ಇನ್ನೊಂದು ವಿಮಾನವ ದೊಡ್ಡ ನೀರಿನ ತೊಟ್ಟಿಲಿ ಮಡುಗಿ, ಒಳ ಒತ್ತಡ ಕೊಡುದು ಬಿಡುದು, ಕೊಡುದು ಬಿಡುದು ಮಾಡಿ ಪರೀಕ್ಷೆ ಮಾಡಿದವು. ಅಕೇರಿಗೆ ಅದು ಹರುದ್ದು ಕಿಂಡಿಯ ಮೂಲೆಂದ. ಒಂದೇ ಪೆಟ್ಟಿಂಗೆ ಅಲ್ಲ, ದಿನ ದಿನವೂ ರಜ್ಜ ರಜ್ಜ ಎಳದು ಎಳದು ಲೋಹವೂ ಬಚ್ಚುತ್ತು ಹೇಳಿ ಲೋಕಕ್ಕೆ ಅಂಬಗ ಸರೀ ಮನದಟ್ಟಾತು.

ಹಾಂಗಾರೆ ಈ ಚಕ್ರದ ಮನೆ ಎಲ್ಲಿಂದ ಬಂತು? ಮದಲು ಯುರೋಪಿಲಿ ಊರೂರು ತಿರುಗುವ ಜಿಪ್ಸಿ ಜನಂಗೊ ಕುದುರೆ ಗಾಡಿಯನ್ನೇ ಮನೆ ಮಾಡಿಗೊಂಡಿತ್ತಿದ್ದವು. ಅವಕ್ಕೆ ಅದು ಮೋಜಲ್ಲ, ಜೀವನ. ಮೋಜಿಂಗೆ ಹೇಳಿಯೇ ಮಾಡ್ಸಿದ್ದರಲ್ಲಿ ಹೆಸರು ಹೋದ್ದು 1885ರ 'ವಾಂಡರರ್'. ನೌಕಾಸೇನೆಲಿ ಡಾಕ್ಟ್ರಾಗಿದ್ದು, ಮತ್ತೆ ಕತೆ ಪುಸ್ತಕ ಬರಕ್ಕೊಂಡಿದ್ದ ಗಾರ್ಡನ್ ಸ್ಟೇಬಲ್ಸ್ ಹೇಳ್ತವು ಬ್ರಿಸ್ಟಲಿನ ಗಾಡಿ ಕಾರ್ಖಾನೆಲಿ ಅದರ ಕಟ್ಟುಸಿದವು. ಒಳ್ಳೆ ಮಹಾಗನಿ ಮರ, ಎಳವಲೆ ಕುದುರೆಗೊ. ಅದರಲ್ಲಿ ಇಂಗ್ಲೆಂಡಿಂದ ಸ್ಕಾಟ್ಲೆಂಡಿಂಗೆ ಹೋಗಿ, ಆ ತಿರುಗಾಟದ ಪುಸ್ತಕವನ್ನೂ ಬರದವು.

ಮರ ಹೇಳಿರೆ ನಮಗೆ ಗೊಂತಿಪ್ಪದೇ ಅಲ್ಲದೋ. ಮಳೆಗೆ ಉಬ್ಬುತ್ತು, ಬೆಶಿಲಿಂಗೆ ಸಣ್ಣ ಆವುತ್ತು. ಸಂದಿಲಿ ನೀರು ನಿಂದರೆ ಕುಂಬು ಆವುತ್ತು. 1936ರಲ್ಲಿ ಅಮೇರಿಕಲ್ಲಿ ವಾಲಿ ಬಯಮ್ ಹೇಳ್ತವು ಏರ್‌ಸ್ಟ್ರೀಮಿನ 'ಕ್ಲಿಪ್ಪರ್' ಮಾಡಿದವು, ವಿಮಾನದ ಹಾಂಗೆ ಅಲ್ಯೂಮಿನಿಯಂ ತಗಡಿಂಗೆ ಸಾಲು ಸಾಲು ರಿವೆಟು ಹೊಡದು. ಅದು ಕುಂಬಾಗ, ಆದರೆ ಕುಲುಕಿದ ಹಾಂಗೆ ರಿವೆಟು ಸಡಿಲ ಅಪ್ಪಲಕ್ಕು, ತಗಡು ಬಿರಿವಲಕ್ಕು.

ಇನ್ನಾಣದ್ದು ಕೇಳಿದರೆ ನಿಂಗೊಗೆ ನೆಗೆ ಬಕ್ಕು. 1968ರಲ್ಲಿ ಕೆನಡಾದ ವಿನಿಪೆಗ್ಗಿಲಿ ರೇ ಒಲೆಕೋ ಹೇಳ್ತವು 'ಬೋಲರ್' ಹೇಳ್ತ ಟ್ರೈಲರ್ ಮಾಡಿದವು, 13 ಅಡಿ ಉದ್ದ. ಅವು ಅದಕ್ಕೆ ಮದಲು ಮಾಡಿಗೊಂಡಿದ್ದದು ಫೈಬರ್‌ಗ್ಲಾಸಿನ ಪಾಯಿಖಾನೆ ಟ್ಯಾಂಕು! ಟ್ಯಾಂಕು ಸೋರದ್ದೆ ನಿಂಬಗ ಮನೆಯೂ ನಿಲ್ಲದೋ ಹೇಳಿ ಕಂಡದಾಗಿಕ್ಕು. ಮೇಲಾಣದ್ದು ಒಂದು ಚಿಪ್ಪು, ಕೆಳಾಣದ್ದು ಒಂದು ಚಿಪ್ಪು, ಎರಡನ್ನೂ ನೆಡುಕೆ ಜೋಡ್ಸುದು. ಇಂಗ್ಲಿಷಿನವರ ಉರುಟು ಬೋಲರ್ ಟೊಪ್ಪಿಯ ಹಾಂಗೆ ಕಾಣ್ತು ಹೇಳಿ ಆ ಹೆಸರು. ಅದರ ನೋಡಿ ಬೇರೆಯವೂ ಹಾಂಗಿಪ್ಪದು ಮಾಡಿದವು. ಎನ್ನ ಮಗ ತೆಗದ್ದು ಬೋಲರ್ ಅಲ್ಲ, ಬೇರೆ ಒಂದು. ಅದರ ಹೆಸರು ಇಲ್ಲಿ ಬೇಡ.

ಒಟ್ಟು ನೋಡಿರೆ ಮರ ಹೋಗಿ ತಗಡು ಬಂತು, ತಗಡು ಹೋಗಿ ಫೈಬರ್ ಬಂತು. ಬಿರುಕು ಮಾತ್ರ ಹೋಯಿದಿಲ್ಲೆ, ಜಾಗೆ ಬದಲ್ಸಿತ್ತು.

ಫೈಬರ್ ಬಿರುಕಿಲಿ ಎರಡು ಜಾತಿ ಇದ್ದಡ. ಒಂದು ಮೇಲಾಣ ನಯಪ್ಪು ಪದರಲ್ಲಿ ಮಾತ್ರ, ಹಳೆ ಪಿಂಗಾಣಿ ಕಪ್ಪಿಲಿ ಜೇಡನ ಬಲೆಯ ಹಾಂಗೆ ಗೆರೆ ಬೀಳ್ತಿಲ್ಲೆಯೋ, ಹಾಂಗೆ. ಅದಕ್ಕೆ ಹೆದರುಲಿಲ್ಲೆ. ಇನ್ನೊಂದು ಒಳಾಣ ಹೊಡೆಂಗೂ ಹೋಗಿಪ್ಪದು. ಅದರ ಗುರ್ತ ಹಿಡಿವದು ಹೀಂಗೆ: ಒಬ್ಬ ಗಾಡಿಯ ಹಿಡುದು ಕುಲುಕುಸೆಕ್ಕು, ಇನ್ನೊಬ್ಬ ಬಿರುಕಿನ ಮೇಲೆ ಬೆರಳು ಮಡುಗೆಕ್ಕು. ಬಿರುಕಿನ ಎರಡು ತುಟಿ ಒಂದಕ್ಕೊಂದು ತಿಕ್ಕಿದರೆ ಒಳಾಣ ಬಲವೇ ಹೋಯಿದು ಹೇಳಿ ಲೆಕ್ಕ. ಮಗ ಕುಲುಕುಸಿದ, ಸೊಸೆ ಬೆರಳು ಮಡುಗಿತ್ತು. ತಿಕ್ಕಿತ್ತು.

ಮೆಕ್ಯಾನಿಕ್ಕು ಅಡಿಂಗೆ ನುಗ್ಗಿ ನೋಡಿದವು. ಬಾಗಿಲಿನ ಹತ್ತರೆ ಕಬ್ಬಿಣದ ಚೌಕಟ್ಟು ಬಗ್ಗಿಪ್ಪಲ್ಲಿ ಅದುದೇ ಬಿರುದ್ದು. ಅದಕ್ಕೂ ಕಾರಣ ಇನ್ನೊಂದು. ಇದರಲ್ಲಿ ಚಕ್ರದ ಕುಲುಕಾಟವ ತಡವಲೆ ಅಚ್ಚಿನ ಕೊಳವೆಯ ಒಳ ರಬ್ಬರು ತುರ್ಕಿರ್ತವು. ವರ್ಷ ಕಳುದ ಹಾಂಗೆ ಆ ರಬ್ಬರು ನಮ್ಮ ಕುಕ್ಕರಿನ ಹಳೆ ಗ್ಯಾಸ್ಕೆಟಿನ ಹಾಂಗೆ ಗಟ್ಟಿ ಆವುತ್ತು. ಮತ್ತೆ ಮಾರ್ಗದ ಒಂದೊಂದು ಹೊಂಡದ ಪೆಟ್ಟೂ ಸೀದಾ ಚೌಕಟ್ಟಿಂಗೆ, ಚೌಕಟ್ಟಿಂದ ಬಾಗಿಲಿನ ಮೂಲೆಗೆ. ಕಂಡದು ಮೇಲೆ, ರೋಗ ಅಡಿಲಿ.

ಭಾರ ಹೊರುದು ಅಡಿ ಹೇಳುದಕ್ಕೆ ನಮ್ಮ ಹತ್ತರೆಯೇ ಒಂದು ದೊಡ್ಡ ಸಾಕ್ಷಿ ಇದ್ದು. ಧರ್ಮಸ್ಥಳದ ಬಾಹುಬಲಿ 39 ಅಡಿ ಎತ್ತರ, ಸುಮಾರು 170 ಟನ್ನು ಭಾರ. ರೆಂಜಾಳ ಗೋಪಾಲ ಶೆಣೈಯವು ಅದರ ಕೆತ್ತಿದ್ದು ಕಾರ್ಕಳಲ್ಲಿ. 1973ರಲ್ಲಿ ಅಲ್ಲಿಂದ ಧರ್ಮಸ್ಥಳಕ್ಕೆ ತಂದದು 64 ಚಕ್ರದ ಟ್ರಾಲಿಲಿ. ಎಂಗೊ ಸಣ್ಣಾಗಿಪ್ಪಗ ಹೆರಿಯೋರು ಆ ಮೆರವಣಿಗೆಯ ಕತೆಯ ಎಷ್ಟು ಸರ್ತಿ ಹೇಳಿದರೂ ಅವಕ್ಕೆ ಸಾಕಾಯ್ಕೊಂಡಿತ್ತಿಲ್ಲೆ. ಅಷ್ಟು ಚಕ್ರ ಎಂತಕೆ? ಒಂದೇ ಜಾಗೆಗೆ ಭಾರ ಬೀಳದ್ದೆ ಹಂಚಿ ಹೋಪಲೆ. ಭಾರ ಹಂಚಿದರೆ ಕಲ್ಲೂ ಬಿರಿಯ, ಮಾರ್ಗವೂ ಕುಸಿಯ.

ಇತ್ಲಾಗಿ ಮಗನ ಮನೆಲಿ ಬೇರೆಯೇ ಬಿರುಕು ಸುರು ಆತು. ಅಚ್ಚು ಬದಲ್ಸೆಕ್ಕು, ಚೌಕಟ್ಟಿಂಗೆ ಬೆಸುಗೆ ಹಾಕೆಕ್ಕು, ಮತ್ತೆ ಫೈಬರ್ ಕೆಲಸ. ಲೆಕ್ಕ ಹಾಕಿರೆ ಟ್ರೈಲರಿಂಗೆ ಕೊಟ್ಟ ಪೈಸೆಯ ಅರ್ಧಂದ ಹೆಚ್ಚು. ಸೊಸೆ ಎನಗೆ ಬೇರೆಯೇ ಫೋನು ಮಾಡಿ, "ಅತ್ತೆ, ಅವು ಎಂಗೊಗೆ ಮಾಡಿದ ಹಾಂಗೇ ಲಪ್ಪ ಮೆತ್ತಿ ಮಾರಿಕ್ಕುವೊ ಹೇಳಿ ಎನಗೆ ಕಾಣ್ತು. ನಿಂಗೊ ಒಂದು ಮಾತು ಹೇಳಿ" ಹೇಳಿತ್ತು. ಅದರ ತಪ್ಪು ಹೇಳ್ಲೆ ಎನಗೆ ಬಾಯಿ ಬಾರ. ದೂರದೇಶ, ಸಣ್ಣ ಮಗು, ಮನೆ ಬಾಡಿಗೆ. ಮೋಸ ಹೋದವಕ್ಕೆ ಮೋಸ ಮಾಡ್ಲೆ ಮನಸ್ಸಪ್ಪದು ಇಪ್ಪದೇ.

ಆನು ಅದಕ್ಕೆ ಎನ್ನ ಅಪ್ಪನ ಗಾಡಿಯ ಕತೆ ಹೇಳಿದೆ. ಆನು ಹುಟ್ಟುವ ಮದಲೇ ಅಪ್ಪ ಅಡಕ್ಕೆ ಸಾಗುಸುಲೆ ಒಂದು ಹಳೆ ಎತ್ತಿನ ಗಾಡಿ ತೆಗದಿತ್ತಿದ್ದವು. ನೊಗ ಕಟ್ಟುವ ಉದ್ದದ ಮರ ಬಿರುದ್ದರ ಮಾರಿದವ ಮೇಣ ತುಂಬುಸಿ, ಡಾಮರು ಬಳುಗಿ ಮುಚ್ಚಿದ್ದ. ಇಳಿಜಾರಿಲಿ ಅದು ಮುರುದು, ಗಾಡಿ ಮಗುಚಿ, ಒಂದು ಎತ್ತಿನ ಕಾಲು ಮುರುದತ್ತು. ಆ ಎತ್ತು ಮತ್ತೆ ಎದ್ದಿದಿಲ್ಲೆ. ಆ ದಿನ ಅಪ್ಪ ಉಂಡಿದವಿಲ್ಲೆ ಹೇಳಿ ಅಬ್ಬೆ ಹೇಳುಗು. ಹೊಸ ಮರ ಹಾಕ್ಸಿ ಕೆಲವು ವರ್ಷ ಹೂಡಿದವು. ಎನಗೆ ಏಳೋ ಎಂಟೋ ವರ್ಷ ಇಪ್ಪಗ ಗಾಡಿಯ ಮಾರಿದವು. ತೆಕ್ಕೊಂಬವು ನೋಡ್ಲೆ ಬಪ್ಪ ದಿನ ಉದಿಯಪ್ಪಗ ಅಪ್ಪ ಸುಣ್ಣದ ಕರಡಿಗೆ ಹಿಡ್ಕೊಂಡು ಗಾಡಿಯ ಸುತ್ತು ಬಂದು, ಎಲ್ಲೆಲ್ಲಿ ಬಿರುದ್ದೋ ಅಲ್ಲೆಲ್ಲ ಬೆರಳಿಲಿ ಬೆಳಿ ಗೆರೆ ಎಳದವು. ಕಮ್ಮಿ ಪೈಸೆ ಸಿಕ್ಕಿತ್ತು. ಅಬ್ಬೆಗೆ ರಜ್ಜ ಕೋಪವೂ ಬಂತು.

ಸೊಸೆ ಎಂತದೂ ಹೇಳಿದ್ದಿಲ್ಲೆ. ಎರಡು ದಿನ ಕಳುದು "ಅತ್ತೆ, ಸರಿ ಮಾಡ್ಸುತ್ತೆಯೊ" ಹೇಳಿ ಮೆಸೇಜು ಹಾಕಿತ್ತು.

ಕೆಲಸ ಕೆಳಂದ ಮೇಲಂಗೆ ಆತು. ಮದಾಲು ಹೊಸ ಅಚ್ಚು. ಮತ್ತೆ ಚೌಕಟ್ಟಿನ ಬಿರುಕಿಂಗೆ ಬೆಸುಗೆ ಹಾಕಿ, ಅದರ ಮೇಲಂಗೆ ಒಂದು ಕಬ್ಬಿಣದ ಪಟ್ಟಿ ಜೋಡ್ಸಿದವು. ಅಕೇರಿಗೆ ಫೈಬರ್. ಬಿರುಕಿನ ಕೊಡಿಲಿ ಒಂದು ಸಣ್ಣ ಉರುಟು ತೂತು ಕೊರವದಡ. ಚೂಪು ಕೊಡಿ ಮುಂದೆ ಮುಂದೆ ಹೋವುತ್ತು, ಉರುಟು ತೂತಿಲಿ ಎಳೆತ ಸುತ್ತಲೂ ಹಂಚಿ ಹೋವುತ್ತು. ಮತ್ತೆ ಬಿರುಕಿನ ಕರೆಗಳ ಅಗಲಕ್ಕೆ ಉಜ್ಜಿ ತೆಳು ಮಾಡಿ, ಒಳಂದ ಗಾಜುನಾರಿನ ಬಟ್ಟೆಯ ರಾಳಲ್ಲಿ ಅದ್ದಿ ಪದರ ಪದರವಾಗಿ ಅಂಟುಸುದು. ಕೆಳಾಣ ಪದರಂದ ಮೇಲಾಣದ್ದು ಅಗಲ. ಎಲ್ಲ ಒಣಗಿದ ಮತ್ತೆಯೇ ಹೆರಾಣ ಬಣ್ಣ. ಬಿರುಕಿನ ಹಾಂಗೇ ಬಿಟ್ಟರೆ ಅಲ್ಲಿಯಾಣ ಚಳಿಗೆ ಒಳ ಹೋದ ನೀರು ಬರ್ಫ ಆಗಿ ಉಬ್ಬಿ, ಇನ್ನೂ ಅಗಲ ಮಾಡ್ತಡ.

ಜುಲಾಯಿಲಿ ಎಂಗೊ ಹೋದೆಯೊ. ಬ್ಯಾನ್ಫಿನ ಕಾಡಿಲಿ ಇರುಳು ಮಳೆ ಬಂತು. ಫೈಬರ್ ಮಾಡಿನ ಮೇಲೆ ಹನಿ ಬೀಳುವ ಶಬ್ದ, ಹತ್ತರೆ ಪುಳ್ಳಿಯ ಉಸುಲು. ಎನಗೆ ಒರಕ್ಕು ಬಯಿಂದಿಲ್ಲೆ, ಕೈ ಹಾಕಿ ಬಾಗಿಲಿನ ಮೂಲೆಯ ಮುಟ್ಟಿ ನೋಡಿದೆ. ಒಳಾಣ ಹೊಡೆಲಿ ಮಗ ಬಣ್ಣ ಬಳುಗಿದ್ದಾಂಯಿಲ್ಲೆ. ಪದರಂಗೊ ಹಾಂಗೇ ಕಾಣ್ತು. ಅದರ ಕರೆಲಿ ಕಪ್ಪು ಪೆನ್ನಿಲಿ ತಾರೀಕು, ಎಂತ ಎಂತ ಮಾಡ್ಸಿದ್ದು ಹೇಳಿ ಬರದ್ದ. ನಾಳೆ ಆರು ತೆಕ್ಕೊಂಡರೂ ಓದುಲಕ್ಕು. ಅಪ್ಪನ ಸುಣ್ಣದ ಗೆರೆ ಅಲ್ಲಿವರೆಗೆ ಹೋಗಿತ್ತು.

ಊರಿಂಗೆ ಬಂದ ಮತ್ತೆ ಈ ಸರ್ತಿ ಆನು ಅಡಿಗೆಕೋಣೆಯ ಬಿರುಕಿಂಗೆ ಸಿಮೆಂಟು ಮೆತ್ತಿದ್ದಿಲ್ಲೆ. ಎರಡು ಕೊಡಿಲಿಯೂ ಪೆನ್ಸಿಲಿಲಿ ಗುರ್ತ ಹಾಕಿ ತಾರೀಕು ಬರದು ಮಡುಗಿದೆ, ಬೆಳೆತ್ತೋ ನೋಡ್ಲೆ. ಮತ್ತೆ ಹೆರ ಹೋಗಿ ನೋಡಿರೆ, ಮಾಡಿನ ನೀರು ಪೂರಾ ಆ ಮೂಲೆಯ ಅಡಿಪಾಯದ ಬುಡಕ್ಕೇ ಬಿದ್ದುಗೊಂಡಿದ್ದು! ಇಷ್ಟು ವರ್ಷ ಒಳವೇ ನಿಂದುಗೊಂಡು ಮೆತ್ತಿದ್ದದು ಆನು. ಈಗ ಅಲ್ಲಿ ನೀರು ಹೋಪಲೆ ಕಣಿ ತೆಗೆಶಿ ಆಯಿದು. ಗುರ್ತ ಹಾಕಿದಲ್ಲಿಂದ ಬಿರುಕು ಇನ್ನೂ ಮುಂದೆ ಹೋಯಿದಿಲ್ಲೆ. ಒಂದು ಮಳೆಗಾಲ ಕಳಿಯಲಿ, ಮತ್ತೆ ಮೆತ್ತುತ್ತೆ.