ನಾಲೆ ಸೀಮೆಯಿಂದ ಘಾಟಿ ಏರುವವರು

ಬಂಡೂರು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕುರಿ. ಗಿಡ್ಡ ಕಾಲಿನ, ಮೈತುಂಬಿಕೊಂಡ ಆ ತಳಿಗೆ ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರೇ ಅಂಟಿಕೊಂಡಿದೆ. ಸೈಕಲ್ಲಿನಲ್ಲಿ ಬೆಟ್ಟ ಹತ್ತುವ ರಜೆಯ ಮಾತನ್ನು ಇಲ್ಲಿಂದ ಎತ್ತಿಕೊಂಡರೆ ಕೆಲವರಿಗೆ ನಗು ಬರಬಹುದು. ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬು, ಭತ್ತ, ರಾಗಿ ಹೊಲಗಳ ನಡುವೆ ಏರು ಎಂದರೆ ಕೆರೆ ಏರಿಯೇ. ಆದರೂ ಮಳವಳ್ಳಿಯಲ್ಲಿ ನಿಂತು ರಸ್ತೆಗಳನ್ನು ನೋಡಿ. ಪಶ್ಚಿಮಕ್ಕೆ ಮೈಸೂರಿನ ಚಾಮುಂಡಿ ಬೆಟ್ಟ. ದಕ್ಷಿಣಕ್ಕೆ ಹೋದರೆ ಶಿವನಸಮುದ್ರ, ಕೊಳ್ಳೇಗಾಲ ದಾಟಿ ಮಲೆ ಮಹದೇಶ್ವರ. ಊರ ಮೇಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 948 ಚಾಮರಾಜನಗರ ದಾಟಿ, 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ ಇಳಿದು ಸತ್ಯಮಂಗಲ ಸೇರುತ್ತದೆ. ದಕ್ಷಿಣ ಕರ್ನಾಟಕದ ಹೆಸರಾಂತ ಏರುಗಳಿಗೆ ಹೊರಡಲು ಇದಕ್ಕಿಂತ ಅನುಕೂಲದ ಜಾಗ ಕಡಿಮೆ.

ಸೈಕಲ್ ಈ ಸೀಮೆಗೆ ಹೊಸದಲ್ಲ, ರಜೆಗೆಂದು ಸೈಕಲ್ ತುಳಿಯುವುದು ಹೊಸದು. ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳು ಡೇರಿಗೆ ಹಾಲು ಹೊತ್ತವು, ಸಂತೆಗೆ ಬೆಲ್ಲ ಹೊತ್ತವು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ, ಸೀಟಿಗೆ ಕಾಲು ಎಟುಕದ ಹುಡುಗರು ಬಾರಿನ ಒಳಗೆ ಕಾಲು ತೂರಿಸಿ ತುಳಿದು ಕಲಿತರು. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳೂ ಹೈಸ್ಕೂಲಿಗೆ ತುಳಿದುಕೊಂಡು ಹೋದರು. ಇವರು ಯಾರೂ ಏರನ್ನು ಹುಡುಕಿಕೊಂಡು ಹೋದವರಲ್ಲ. ಏರು ಬಂದರೆ ಇಳಿದು ತಳ್ಳುವುದು, ಅಷ್ಟೇ.

ತಳ್ಳುವುದು ಏಕೆ ಎಂಬುದಕ್ಕೆ ಲೆಕ್ಕವಿದೆ. ಹಳೆಯ ಕರಿ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿಗೆ 18ರ ಆಸುಪಾಸು. ಪೆಡಲ್ ಒಂದು ಸುತ್ತು ಬಂದರೆ ಗಾಡಿ ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಚಪ್ಪಟೆ ರಸ್ತೆಯಲ್ಲಿ ಅದು ಸುಖ, ಬೆಟ್ಟದಲ್ಲಿ ಮಂಡಿಗೆ ಶಿಕ್ಷೆ. ಇವತ್ತಿನ ರೋಡ್ ಬೈಕಿನ ಅತಿ ಹಗುರ ಗೇರಿನಲ್ಲಿ ಮುಂದೆ 34, ಹಿಂದೆಯೂ 34 ಹಲ್ಲು ಸಿಗುತ್ತದೆ. ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಎರಡು ಮೀಟರ್ ಚಿಲ್ಲರೆ. ಕಾಲು ಅದೇ, ಉಸಿರು ಅದೇ, ಆದರೆ ಬೆಟ್ಟ ಅರ್ಧಕ್ಕಿಂತ ಹಗುರ.

ಈ ಸೌಲಭ್ಯ ಸುಮ್ಮನೆ ಬಂದದ್ದಲ್ಲ. ಫ್ರಾನ್ಸಿನ ಸಾಂತೆತಿಯೆನ್ ಊರಿನ ಪಾಲ್ ದ ವಿವಿ, ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, 1887ರಲ್ಲಿ ಪತ್ರಿಕೆ ಶುರು ಮಾಡಿ ಬಹುಗೇರಿನ ಸೈಕಲ್ಲಿಗಾಗಿ ದಶಕಗಳ ಕಾಲ ವಾದಿಸಿದರು. ಟೂರ್ ದ ಫ್ರಾನ್ಸ್ ನಡೆಸುತ್ತಿದ್ದವರು ಕೇಳಲಿಲ್ಲ. 1910ರಲ್ಲಿ 2,115 ಮೀಟರ್ ಎತ್ತರದ ತುರ್ಮಲೆ ಕಣಿವೆದಾರಿಗೆ ಸ್ಪರ್ಧಿಗಳನ್ನು ಹತ್ತಿಸಿದಾಗಲೂ ಗೇರ್ ಬದಲಿಸುವ ಸಾಧನಕ್ಕೆ ಅನುಮತಿ ಇರಲಿಲ್ಲ. ಅದು ಸಿಕ್ಕಿದ್ದು 1937ರಲ್ಲಿ. ಆ ತುರ್ಮಲೆಯ ದಾರಿ ಪರೀಕ್ಷಿಸಲು ಹೋದ ಸ್ಟೈನೆಸ್ ಎಂಬಾತ ಹಿಮದಲ್ಲಿ ಸಿಕ್ಕಿಬಿದ್ದು, ರಾತ್ರಿ ನಡೆದೇ ಆಚೆ ತಲುಪಿ, ರಸ್ತೆ ಚೆನ್ನಾಗಿದೆ ಎಂದು ತಂತಿ ಕಳಿಸಿದನಂತೆ. ಪ್ರವಾಸ ಏರ್ಪಡಿಸುವವರ ಮಾತನ್ನು ಎಷ್ಟು ನಂಬಬೇಕು ಎಂಬುದಕ್ಕೆ ಈ ಕಥೆ ಈಗಲೂ ಉಪಯೋಗಕ್ಕೆ ಬರುತ್ತದೆ. 1952ರ ಟೂರ್‌ನಲ್ಲಿ ಫೌಸ್ತೊ ಕೊಪ್ಪಿ ಗೆದ್ದ ಆಲ್ಪ್ ದ್ಯುಯೆಜ಼್ 21 ತಿರುವುಗಳ, 13.8 ಕಿ.ಮೀ. ಏರು. ಅಲ್ಲಿಗೆ ಈಗ ಜಗತ್ತಿನ ಸೈಕಲ್ ಹುಚ್ಚರೆಲ್ಲ ರಜೆ ಹಾಕಿ ಹೋಗುತ್ತಾರೆ. ಸ್ಪರ್ಧೆ ಹೆಸರು ಮಾಡಿದ ರಸ್ತೆಗೆ ಪ್ರವಾಸಿ ಹಿಂಬಾಲಿಸಿ ಹೋದ.

ನಮ್ಮಲ್ಲಿ ಬೆಟ್ಟಕ್ಕೆ ಹೆಸರು ಬಂದದ್ದು ದೇವರಿಂದ. ಚಾಮುಂಡಿಗೆ ಮೆಟ್ಟಿಲು ಹತ್ತುವವರು, ಶಿವರಾತ್ರಿಗೆ ತಾಳಬೆಟ್ಟದಿಂದ ಮಾದಪ್ಪನ ಸನ್ನಿಧಿಗೆ ನಡೆಯುವವರು ಮೊದಲಿನಿಂದ ಇದ್ದಾರೆ. ಅದೇ ಘಾಟಿಗಳಿಗೆ ಗೇರ್ ಸೈಕಲ್ಲಿನವರು ಬಂದದ್ದು 2000ದ ದಶಕದ ಕೊನೆಯ ಹೊತ್ತಿಗೆ, ಅದೂ ಹೆಚ್ಚಾಗಿ ಬೆಂಗಳೂರಿನಿಂದ. ಅವರಿಗೆ ಮೊದಲ ಪರೀಕ್ಷೆ 1,478 ಮೀಟರ್ ಎತ್ತರದ ನಂದಿ ಬೆಟ್ಟ. ಬುಡದಿಂದ ಸುಮಾರು ಏಳೂವರೆ ಕಿ.ಮೀ. ಆ ಬುಡದ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಊರು. ಅವರ ಹೆಸರಿನ ನಾಲೆಯ ನೀರು ಕುಡಿದು ಬೆಳೆದ ಮಂಡ್ಯದವರು ಅಲ್ಲಿ ಒಂದು ಕ್ಷಣ ಸೈಕಲ್ ನಿಲ್ಲಿಸಿದರೆ ತಪ್ಪೇನಿಲ್ಲ.

ತಿರುವು ತಂದದ್ದು 2008ರ ಡಿಸೆಂಬರಿನ ಟೂರ್ ಆಫ್ ನೀಲಗಿರೀಸ್. ಕರ್ನಾಟಕದಿಂದ ಹೊರಟು ನೀಲಗಿರಿ ಸುತ್ತಿ ಬರುವ ಈ ಬಹುದಿನದ ಸವಾರಿ, ಬೆಟ್ಟ ಹತ್ತುವುದನ್ನೇ ರಜೆಯ ಕಾರ್ಯಕ್ರಮ ಮಾಡಬಹುದು ಎಂದು ತೋರಿಸಿತು. ಚೀಲ ಹೊರಲು ಗಾಡಿ, ದಾರಿಯಲ್ಲಿ ನೀರು, ರಾತ್ರಿ ಉಳಿಯಲು ಜಾಗ ಎಲ್ಲ ಸಿದ್ಧ. ನೀವು ತುಳಿದರೆ ಸಾಕು. ಇದರ ಕಲಶ ಕಲ್ಹಟ್ಟಿ ಘಾಟಿ, ಮಸಿನಗುಡಿಯಿಂದ ಊಟಿಗೆ 36 ಹೇರ್‌ಪಿನ್. ಪ್ರತಿ ತಿರುವಿನಲ್ಲೂ ಎಷ್ಟನೆಯದು ಎಂದು ಫಲಕ ಬರೆದಿದೆ. ಕಾರಿನವರಿಗೆ ಅದು ಎಚ್ಚರಿಕೆ. ಪೆಡಲ್ ಮೇಲೆ ನಿಂತು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುವಾಗ ಓದುವವನಿಗೆ ಅದು ಸಾಲದ ಪಟ್ಟಿ.

ಇದೇ ಕಾಲದಲ್ಲಿ ಫ್ರಾನ್ಸಿನ ಇನ್ನೊಂದು ಪದ್ಧತಿಯೂ ಬಂತು: ಬ್ರೆವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಗೆಲುವಿಲ್ಲ, ಸೋಲಿಲ್ಲ, ಹೊತ್ತಿಗೆ ಮುಟ್ಟಿದರೆ ಸೈ. ಬೆಂಗಳೂರು, ಮೈಸೂರಿನ ಎಷ್ಟೋ ಜನ ಉದ್ದದ ದಾರಿಗೆ ಮೈ ಒಗ್ಗಿಸಿಕೊಂಡದ್ದು ಹೀಗೆ. ಅವರಲ್ಲಿ ಕೆಲವರು ಮುಂದೆ ಮನಾಲಿ-ಲೇಹ್ ರಸ್ತೆಗೂ ಹೋದರು. 5,000 ಮೀಟರ್ ದಾಟುವ ಆ ದಾರಿಯಲ್ಲಿ ಕಾಲಿಗಿಂತ ಮೊದಲು ಉಸಿರಿಗೆ ಪರೀಕ್ಷೆ. ನಂದಿ ಹತ್ತಿದ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಗೇರು ಬೆಟ್ಟವನ್ನು ತಗ್ಗಿಸಿದ ಹೊತ್ತಿಗೇ ಅಡ್ಡಗಟ್ಟೆಗಳು ಎದ್ದವು. ಈ ಹದಿನೈದು ವರ್ಷಗಳಲ್ಲಿ ಯೋಜನೆ ಬದಲಾದದ್ದು ಇಲ್ಲೇ ಎಂದು ನನ್ನ ಅನಿಸಿಕೆ. ಹಿಂದೆ ‘ಹತ್ತಲು ಆಗುತ್ತದಾ’ ಎಂದು ಕೇಳುತ್ತಿದ್ದರು, ಈಗ ‘ಬಿಡುತ್ತಾರಾ’ ಎಂದು ಕೇಳಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬುಡದಿಂದ ಸರ್ಕಾರಿ ಬಸ್ಸೇ ಗತಿ. ನೀಲಗಿರಿಗೆ ಹೋಗುವ ಪ್ರವಾಸಿ ವಾಹನಕ್ಕೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ನಿಮ್ಮ ಚೀಲ ಹೊರುವ ಗಾಡಿಗೂ. ಆನೆ ಓಡಾಡುವ ಕಾಡಿನಲ್ಲಿ ಸೈಕಲ್ಲನ್ನು ಗಾಡಿಗೆ ಹಾಕಿ ದಾಟಿ, ಮಸಿನಗುಡಿಯಲ್ಲಿ ಇಳಿಸಿಕೊಳ್ಳುವುದು ಮರ್ಯಾದೆ. ‘ಪೂರ್ತಿ ತುಳಿದೆ’ ಎನ್ನುವ ಹಠಕ್ಕೆ ಆನೆ ಸೊಪ್ಪು ಹಾಕುವುದಿಲ್ಲ.

ನಮ್ಮ ಮನೆ ಬಾಗಿಲಿನಲ್ಲೂ ಹೀಗೇ ಆಯಿತು. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆ. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ. ಮದ್ದೂರಿನಲ್ಲಿ ವಡೆ ತಿಂದು ಮೈಸೂರಿಗೆ ತುಳಿಯುತ್ತಿದ್ದವರು ಸರ್ವಿಸ್ ರಸ್ತೆಗೆ ಇಳಿದರು. ನನ್ನನ್ನು ಕೇಳಿದರೆ ಬೆಂಗಳೂರಿನಿಂದ ಬರುವವರು ಕನಕಪುರ, ಹಲಗೂರು, ಮಳವಳ್ಳಿ ದಾರಿ ಹಿಡಿಯುವುದೇ ವಾಸಿ.

ಈ ಕಡೆಯಿಂದ ಹೊರಡುವವರು ಕಿಲೋಮೀಟರ್ ಬಿಟ್ಟು ಎತ್ತರ ಎಣಿಸಲಿ. ಸಾಧಾರಣ ಅಭ್ಯಾಸದ ಸವಾರ ಗಂಟೆಗೆ 500ರಿಂದ 600 ಮೀಟರ್ ಎತ್ತರ ಏರುತ್ತಾನೆ. ನಂದಿಯ ಏರು 450 ಮೀಟರಿನ ಆಸುಪಾಸು, ಎಂದರೆ ಮುಕ್ಕಾಲು ಗಂಟೆ ಚಿಲ್ಲರೆ. ಮಸಿನಗುಡಿಯಿಂದ ಊಟಿಗೆ 1,200 ಮೀಟರಿಗೂ ಮೇಲೆ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಆಲ್ಪ್ ದ್ಯುಯೆಜ಼್ ಸುಮಾರು 1,100 ಮೀಟರ್, ಕಲ್ಹಟ್ಟಿಗಿಂತ ತುಸು ಕಡಿಮೆಯೇ. ನೀಲಗಿರಿ ಹತ್ತಿದವರು ಫ್ರಾನ್ಸಿನ ಹೆಸರು ಕೇಳಿ ಹೆದರಬೇಕಾಗಿಲ್ಲ.

ಅಭ್ಯಾಸಕ್ಕೆ ಮುತ್ತತ್ತಿ ಸಾಕು. ಹಲಗೂರಿನಿಂದ ಕಾವೇರಿ ದಂಡೆಗೆ ಕಾಡಿನ ಇಳಿಜಾರು, ಬಿಸಿಲೇರುವ ಮೊದಲೇ ಹಿಂದಿರುಗುವಾಗ ಅದೇ ಏರು. ನಂತರ ವಾರಕ್ಕೊಮ್ಮೆ ಚಾಮುಂಡಿ. ಆಮೇಲೆ ಎರಡು ದಿನದ ಮಾದಪ್ಪನ ಬೆಟ್ಟ: ಕೊಳ್ಳೇಗಾಲ, ಹನೂರು, ತಾಳಬೆಟ್ಟ, ಅಲ್ಲಿಂದ ಘಾಟಿ. ಅಮಾವಾಸ್ಯೆ, ಜಾತ್ರೆಯ ದಿನ ಬೇಡ, ಬಸ್ಸಿನ ಸಾಲಿನಲ್ಲಿ ಉಸಿರು ಕಟ್ಟುತ್ತದೆ. ಮುಳ್ಳಯ್ಯನಗಿರಿ, 14 ತಿರುವಿನ ಆಗುಂಬೆ ಇವಕ್ಕೆ ನವೆಂಬರಿನಿಂದ ಫೆಬ್ರವರಿ ಸರಿ. ಮಳೆಗಾಲದ ಆಗುಂಬೆಯಲ್ಲಿ ನೋಟ ಚೆಂದ, ಬ್ರೇಕು ಹಿಡಿಯುವುದಿಲ್ಲ.

ಇಳಿಯುವುದನ್ನು ಯಾರೂ ಯೋಜಿಸುವುದಿಲ್ಲ, ಅನಾಹುತ ಆಗುವುದು ಅಲ್ಲೇ. ರಿಮ್ ಹಿಡಿಯುವ ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬು ಸಿಡಿಯುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಟ್ಟು, ಎರಡು ಬ್ರೇಕನ್ನೂ ಬಳಸಬೇಕು. ಡಿಸ್ಕ್ ಬ್ರೇಕ್ ಬಂದ ಮೇಲೆ ಈ ಭಯ ತಗ್ಗಿದೆ, ಆದರೆ ಅದರ ಪ್ಯಾಡು ಕೊಳ್ಳೇಗಾಲದ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆಂದು ನಂಬಬೇಡಿ. ಒಂದು ಜೊತೆ ಪ್ಯಾಡು, ಎರಡು ಟ್ಯೂಬು, ಚೈನು ಕೂಡಿಸುವ ಕೊಂಡಿ ಚೀಲದಲ್ಲಿರಲಿ. ಹೊರಡುವ ವಾರ ಚೆಕ್‌ಪೋಸ್ಟಿನ ವೇಳೆಯನ್ನು ಅರಣ್ಯ ಇಲಾಖೆಯ ಕಚೇರಿಗೇ ಫೋನ್ ಮಾಡಿ ಕೇಳಿಕೊಳ್ಳಿ. ಹೋದ ವರ್ಷ ಹೋಗಿ ಬಂದವರ ಮಾತಿನ ಮೇಲೆ ಹೋಟೆಲ್ ಬುಕ್ ಮಾಡಬೇಡಿ.