ಕೆರೆಯ ನೀರೂ ಗದ್ದೆಯ ಬತ್ತವೂ

ಗದ್ದೆಯಲ್ಲಿ ಬೆಳೆದ ಬತ್ತವು ಅದರ ಒಡೆಯನದು. ಆತನು ಅದನ್ನು ಕಣಜಕ್ಕೆ ತುಂಬಿ ಬೀಗವಿಕ್ಕಬಲ್ಲನು. ಆ ಬತ್ತವನ್ನು ಬೆಳೆಯಿಸಿದ ಕೆರೆಯ ನೀರಿಗಾದರೋ ಬೀಗವಿಲ್ಲ. ಹಾಗೆಂದು ಅದು ಬಿಸಿಲುಗಾಳಿಗಳಂತೆ ತೀರದ ವಸ್ತುವೂ ಅಲ್ಲ. ತೂಬಿನ ಬಳಿಯವನು ಒಂದು ಮಡಿಯನ್ನು ಹೆಚ್ಚಾಗಿ ತೊಯ್ಯಿಸಿದರೆ ಕಾಲುವೆಯ ಕೊನೆಯವನಿಗೆ ಅಷ್ಟು ಕಡಮೆಯಾಗುವುದು. ಬಳಸುವವರನ್ನು ತಡೆಯುವುದು ಕಷ್ಟ, ಬಳಸಿದಷ್ಟೂ ತೀರುವುದು ನಿಶ್ಚಯ. ಈ ಎರಡು ಗುಣಗಳು ಕೂಡಿದ ವಸ್ತುವನ್ನೇ ಅರ್ಥಶಾಸ್ತ್ರಜ್ಞರು ಸಮುದಾಯದ ಸಂಪತ್ತೆಂದು ಬೇರ್ಪಡಿಸುವರು.

ನಮ್ಮ ಪೂರ್ವಿಕರು ಈ ಭೇದವನ್ನು ಅರಿತಿದ್ದರೆಂಬುದಕ್ಕೆ ಶಾಸನಗಳೇ ಸಾಕ್ಷಿ. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ 1000 ಆಳುಗಳಿಂದಲೂ 100 ಬಂಡಿಗಳಿಂದಲೂ ಎರಡು ವರ್ಷ ದುಡಿಸಿ ಕೆರೆಯೊಂದನ್ನು ಕಟ್ಟಿಸಿದನು. ಅಲ್ಲಿಯ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ 12 ಅಂಗಗಳನ್ನೂ 6 ದೋಷಗಳನ್ನೂ ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳುನೆಲ ಮುಂತಾದ ದೋಷಗಳ ಜತೆಯಲ್ಲಿಯೇ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವೆಂದು ಎಣಿಸಿರುವುದನ್ನು ವಾಚಕರು ಗಮನಿಸಬೇಕು. ಇದು ಮಣ್ಣಿನ ದೋಷವಲ್ಲ, ಒಡೆತನದ ದೋಷ. ಇಬ್ಬರಿಗೂ ಸೇರಿದ ನೀರನ್ನು ಕಾಯುವವರು ಯಾರು?

ಕಾಯುವವರಿಗೆ ಕನ್ನಡ ನಾಡಿನಲ್ಲಿ ಬಿಟ್ಟುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಹೆಸರುಗಳಿಂದ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಡುತ್ತಿದ್ದರು. ಖಾಸಗಿ ಬೆಳೆಯ ಒಂದಂಶವು ಸಾಮಾನ್ಯವಾದ ಏರಿಯ ದುರಸ್ತಿಗೆ ಹೀಗೆ ಮರಳುತ್ತಿದ್ದಿತು. ತೂಬನ್ನು ತೆರೆದು ಮುಚ್ಚುವ, ಬರಗಾಲದಲ್ಲಿ ನೀರನ್ನು ಹಂಚುವ ನೀರಗಂಟಿಗೂ ಇನಾಮು ಭೂಮಿಯೂ ಕಣದಲ್ಲಿ ಆಯವೂ ಸಲ್ಲುತ್ತಿದ್ದುವು. ಅನೇಕ ಊರುಗಳಲ್ಲಿ ಆತನು ಸಮಾಜವು ಕೆಳಗಿರಿಸಿದ ಜಾತಿಯವನು. ನೀರಿನ ಅಧಿಕಾರವಿದ್ದರೂ ಮನ್ನಣೆ ಅಷ್ಟಕ್ಕಷ್ಟೆ. ಹಳೆಯ ಏರ್ಪಾಡನ್ನು ಹೊಗಳುವವರು ಇದನ್ನು ಮರೆಯಬಾರದು.

ವಂಶಪಾರಂಪರ್ಯವಾದ ಈ ಊಳಿಗಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ತೆಗೆದುಹಾಕಿತು. ಇನಾಮು ಭೂಮಿಯನ್ನು ಹಿಡುವಳಿದಾರರಿಗೇ ಮರುಮಂಜೂರು ಮಾಡಲು ಅವಕಾಶವಿತ್ತಿತು. ಹುಟ್ಟಿನಿಂದ ಬಂದ ಬಿಟ್ಟಿ ಹೋದುದು ನ್ಯಾಯವೇ ಸರಿ. ಆದರೆ ಕೆರೆಯ ಕೆಲಸಕ್ಕೆಂದು ಬಿಟ್ಟಿದ್ದ ಭೂಮಿಯು ಖಾಸಗಿ ಸ್ವತ್ತಾಯಿತು, ಕೆಲಸವು ಮಾತ್ರ ಸಾಮಾನ್ಯರ ಪಾಲಿಗೆ ಉಳಿಯಿತು. ಸಂಬಳವಿಲ್ಲದ ಕೆಲಸಕ್ಕೆ ಆಳಿಲ್ಲ.

ಸಾಮಾನ್ಯವಾದುದು ಹಾಳಾಗಿಯೇ ತೀರುವುದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದನು. ಎಲಿನರ್ ಆಸ್ಟ್ರಂ ಅವರು 1990ರ ತಮ್ಮ ಗ್ರಂಥದಲ್ಲಿ ಸ್ಪೇನ್, ಫಿಲಿಪ್ಪೀನ್ಸ್ ದೇಶಗಳ ರೈತರ ನೀರಿನ ಕಟ್ಟಲೆಗಳನ್ನು ಮುಂದಿಟ್ಟು, ಹಾಗೇನೂ ಇಲ್ಲವೆಂದರು. ನಮ್ಮಲ್ಲಿ ಈ ಚರ್ಚೆಯು ಮುಗಿಯುವುದರೊಳಗಾಗಿಯೇ ಕೊಳವೆಬಾವಿಯು ಬಂದಿತು. ಕೆರೆಯು ಇಂಗಿಸಿದ ನೀರನ್ನು ಈಗ ಒಬ್ಬೊಬ್ಬನೂ ತನ್ನ ತನ್ನ ಹೊಲದಲ್ಲಿ, ತನ್ನದೆಂದೇ, ಮೇಲಕ್ಕೆತ್ತುತ್ತಿದ್ದಾನೆ. ಆ ಬಾವಿಗಳಿಗೆ ನೀರಗಂಟಿಯಿಲ್ಲ.